ಅವ್ವ ಗ್ಯಾಲರಿಯಲ್ಲಿ ಹಾಡುತ್ತಿದ್ದ ದಿನಗಳು

ನನ್ನ ಹೆಂಡತಿ ನಾಶಿಕದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ನಾನು ಸಂಭಾಜಿನಗರದ ಚಿಕಲಠಾಣಾದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದೆ. ಅವಳಿಗೆ ಇಲ್ಲಿ ಕೆಲಸ ಸಿಗುವತನಕ ಒಂದು ವರ್ಷ ಹೀಗೇ ಕಳೆಯೋಣ ಎಂದುಕೊಂಡಿದ್ದೆವು. ಶನಿವಾರ ಸಂಜೆ ಅವಳು ಮನ್ಮಾಡ್ ಮೇಲಿಂದ ರೈಲಿನಲ್ಲಿ ಬರುತ್ತಿದ್ದಳು, ಸೋಮವಾರ ಬೆಳಗಿನ ಮೊದಲ ಗಾಡಿಗೆ ಹೋಗುತ್ತಿದ್ದಳು. ಮಗಳಿಗೆ ಆಗ ಏಳು ವರ್ಷ. ಅಮ್ಮ ಬರುವ ದಿನ ಎರಡು ಜಡೆ, ಹೋಗುವ ದಿನ ಒಂದೇ ಜಡೆ ಎಂದು ಅವಳೇ ಒಂದು ನಿಯಮ ಮಾಡಿಕೊಂಡಿದ್ದಳು. ಅವಳನ್ನು ನೋಡಿಕೊಳ್ಳಲು ಬೀದರ ಜಿಲ್ಲೆಯ ನಮ್ಮ ಹಳ್ಳಿಯಿಂದ ಅವ್ವ ಬಂದಿದ್ದಳು.

ಆಮೇಲೆ ರೋಗ ಬಂತು. ರೈಲುಗಳು ನಿಂತವು. ಒಂದು ಶನಿವಾರ ಹೆಂಡತಿ ಬರಲಿಲ್ಲ, ಮುಂದಿನದೂ ಬರಲಿಲ್ಲ. ಅವಳನ್ನು ರೋಗಿಗಳ ವಾರ್ಡಿಗೆ ಹಾಕಿದ್ದರು. ಉಳಿದ ನರ್ಸುಗಳ ಜೊತೆ ಅವಳಿಗೂ ಆಸ್ಪತ್ರೆಯ ಹಿಂದಿನ ಹಾಸ್ಟೆಲ್ಲಿನಲ್ಲೇ ವಾಸ. "ಎರಡು ವಾರ ಆಗ್ತದ ಅಷ್ಟ," ಎಂದಳು ಫೋನಿನಲ್ಲಿ. ನಾಲ್ಕು ತಿಂಗಳಾಯಿತು.

ನಾವು ಕ್ರೈಸ್ತರು. ಅವ್ವನ ಅಜ್ಜಿಯ ಕಾಲದಿಂದಲೂ ನಮ್ಮ ಮನೆಯಲ್ಲಿ ಯೇಸುಸ್ವಾಮಿಯ ಪ್ರಾರ್ಥನೆ ನಡೆದುಬಂದಿದೆ. ಆದರೆ ಆಗ ನನ್ನ ನಂಬಿಕೆ ಎಷ್ಟಿತ್ತು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ರವಿವಾರ ಮರಾಠಿ ಚರ್ಚಿಗೆ ಹೋಗುತ್ತಿದ್ದೆ, ಕಾರ್ಖಾನೆಯಲ್ಲಿ ಹಾಜರಿ ಹಾಕುವ ಹಾಗೆ. ಎದ್ದು ನಿಲ್ಲುವಾಗ ಎದ್ದು ನಿಲ್ಲುತ್ತಿದ್ದೆ, ಕೂಡುವಾಗ ಕೂಡುತ್ತಿದ್ದೆ. ಬೇಡಿಕೊಳ್ಳಲು ನನಗೇನೂ ಇರಲಿಲ್ಲ. ಕೆಲಸ ಇತ್ತು, ಹೆಂಡತಿ ಇದ್ದಳು, ಮಗಳು ಇದ್ದಳು. ಎಲ್ಲ ಇದ್ದವನು ದೇವರ ಹತ್ತಿರ ಏನು ಮಾತಾಡಬೇಕು?

ರೋಗ ಬಂದಮೇಲೆ ನನಗೆ ಭಯ ಹಿಡಿಯಿತು. ಅದು ಎಂಥ ಭಯವೆಂದರೆ, ಹಾಲಿನ ಪ್ಯಾಕೆಟ್ಟನ್ನು ಮೂರು ಸಲ ತೊಳೆಯುತ್ತಿದ್ದೆ. ಬಾಗಿಲ ಚಿಲಕವನ್ನು ಮೊಣಕೈಯಿಂದ ತೆಗೆಯುತ್ತಿದ್ದೆ. ರಸ್ತೆಯಲ್ಲಿ ಅಂಬುಲೆನ್ಸ್ ಹೋದರೆ ಅದರ ಸದ್ದು ಪೂರ್ತಿ ನಿಲ್ಲುವತನಕ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಮಗಳು ಒಮ್ಮೆ ಕೆಮ್ಮಿದರೆ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಕಡೆಗೆ ಅವಳು ನನ್ನ ಮುಂದೆ ಕೆಮ್ಮುವುದನ್ನೇ ಬಿಟ್ಟಳು. ಅಡುಗೆಮನೆಗೆ ಓಡಿಹೋಗಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿ ಕೆಮ್ಮುತ್ತಿದ್ದಳು. ಇದು ನನಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಸಂಜೆ ಆರು ಗಂಟೆಗೆ ಹೆಂಡತಿಯ ಫೋನು ಬರುತ್ತಿತ್ತು. ವಿಡಿಯೋದಲ್ಲಿ ಅವಳ ಮುಖದ ಮೇಲೆ ಮಾಸ್ಕಿನ ಗೆರೆಗಳು ಕಾಣುತ್ತಿದ್ದವು, ಮೂಗಿನ ಮೇಲೊಂದು, ಕೆನ್ನೆಗಳ ಮೇಲೆ ಎರಡು. ಮಗಳು ಮರಾಠಿಯಲ್ಲಿ "ಮಮ್ಮಿ, ಕಧೀ ಯೇಣಾರ್?" ಎಂದು ಕೇಳುತ್ತಿದ್ದಳು, ಯಾವಾಗ ಬರ್ತೀ ಎಂದು. ಹೆಂಡತಿ "ಬರ್ತೀನಿ ಕಂದಾ" ಎಂದು ಕನ್ನಡದಲ್ಲಿ ಹೇಳುತ್ತಿದ್ದಳು. ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಕೊನೆಗೆ ಅವ್ವ ಫೋನು ತೆಗೆದುಕೊಂಡು ಪ್ರಾರ್ಥನೆ ಮಾಡುತ್ತಿದ್ದಳು. ಹೆಂಡತಿ ಆಮೆನ್ ಹೇಳಿ ಡ್ಯೂಟಿಗೆ ಹೋಗುತ್ತಿದ್ದಳು.

ಫೋನು ಇಟ್ಟಮೇಲೆ ಒಂದು ದಿನ ಅವ್ವ ಗ್ಯಾಲರಿಗೆ, ರಸ್ತೆಯ ಕಡೆಗಿದ್ದ ಬಾಲ್ಕನಿಗೆ, ಹೋಗಿ ನಿಂತು ಹಾಡತೊಡಗಿದಳು. ಊರಿನ ಪ್ರಾರ್ಥನಾ ಕೂಟದಲ್ಲಿ ಹಾಡುತ್ತಿದ್ದ ಹಳೆಯ ಕನ್ನಡ ಕೀರ್ತನೆ. ಅವಳ ದನಿ ಸಣ್ಣದಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿ ಬೆಳೆದ ದನಿ ಅದು. ಕೆಳಗೆ ರಸ್ತೆ ಖಾಲಿ ಇತ್ತು, ಎದುರಿನ ಕಟ್ಟಡದ ಕಿಟಕಿಗಳೆಲ್ಲ ತೆರೆದಿದ್ದವು. ನಾನು ಓಡಿಹೋಗಿ ಟಿವಿಯ ಸದ್ದು ಏರಿಸಿದೆ.

ಅದಕ್ಕೆ ಕಾರಣವಿತ್ತು. ರೋಗ ಬರುವುದಕ್ಕೆ ಮೊದಲು, ನಮ್ಮಿಂದ ನಾಲ್ಕು ಗಲ್ಲಿ ಆಚೆ, ಒಬ್ಬರ ಮನೆಯಲ್ಲಿ ಪ್ರಾರ್ಥನೆ ನಡೆದಾಗ ಕೆಲವರು ಬಾಗಿಲಿಗೆ ಬಂದು ಇಲ್ಲೇನು ನಡೆದಿದೆ, ಯಾರನ್ನು ಕೂಡಿಸಿದ್ದೀರಿ ಎಂದು ಜೋರುಮಾಡಿ ಹೋಗಿದ್ದರು. ಏನೂ ಆಗಲಿಲ್ಲ. ಆದರೆ ಅಂದಿನಿಂದ ನಾವು ಕಿಟಕಿ ಮುಚ್ಚಿ, ಟಿವಿ ಹಚ್ಚಿ, ಮೆಲ್ಲಗೆ ಪ್ರಾರ್ಥನೆ ಮಾಡುವುದನ್ನು ಕಲಿತಿದ್ದೆವು. ಯಾರೂ ಹಾಗೆ ಮಾಡು ಎಂದು ನನಗೆ ಹೇಳಿರಲಿಲ್ಲ. ನಾನೇ ಮಾಡಿಕೊಂಡ ವ್ಯವಸ್ಥೆ ಅದು.

"ಅವ್ವಾ, ಒಳಗ ಬಾ," ಎಂದೆ. "ಮಂದಿ ಕೇಳ್ತಾರ."

ಅವಳು ಚರಣ ಮುಗಿಸಿಯೇ ತಿರುಗಿದಳು. "ಕೇಳ್ಲಿ. ಕೇಳ್ಲಿ ಅಂತನ ಹಾಡ್ಲಾಕತ್ತೀನಿ. ಇಡೀ ಓಣಿ ಹೆದರಿ ಕುಂತದ. ನಾವೂ ಬಾಗಲಾ ಹಾಕ್ಕೊಂಡು ಕುಂತ್ರ ಹ್ಯಾಂಗೋ?"

"ಯಾರಾದ್ರೂ ಬಂದು ಕೇಳಿದ್ರ ಏನ್ ಹೇಳ್ತಿ?"

"ನನ್ನ ಸೊಸಿ ದವಾಖಾನಿಯಾಗ ಅದಾಳ, ಆಕಿ ಸಲುವಾಗಿ ಹಾಡ್ಲಾಕತ್ತೀನಿ ಅಂತೀನಿ. ಅದ್ರಾಗ ಏನ್ ತಪ್ಪದ?"

ಮರುದಿನವೂ ಹಾಡಿದಳು. ಅದರ ಮರುದಿನವೂ. ನಾನು ಒಳಗೆ ಕೂತು ಕೆಳಗಿನಿಂದ ಯಾರಾದರೂ ಕೂಗುತ್ತಾರೇನೋ ಎಂದು ಕಿವಿಗೊಟ್ಟಿರುತ್ತಿದ್ದೆ. ಐದನೆಯ ದಿನವೋ ಆರನೆಯ ದಿನವೋ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಮ್ಮದೇ ಮಹಡಿಯ ಎದುರು ಮನೆಯವರು. ಕಲಬುರಗಿ ಕಡೆಯ ಬಟ್ಟೆ ವ್ಯಾಪಾರಿ, ಹಣೆಯ ಮೇಲೆ ಯಾವಾಗಲೂ ಮೂರು ಬೆರಳಿನ ವಿಭೂತಿ. ಕನ್ನಡದವರೇ ಆದರೂ ನಮ್ಮ ನಡುವೆ ಮೆಟ್ಟಿಲ ಮೇಲಿನ ನಮಸ್ಕಾರಕ್ಕಿಂತ ಹೆಚ್ಚು ಮಾತಿರಲಿಲ್ಲ. ಮಾಸ್ಕು ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಹಾಡಿನ ವಿಷಯವೇ ಎಂದು ನನಗೆ ಗೊತ್ತಾಯಿತು. ಅವರು ಬಾಯಿ ತೆಗೆಯುವ ಮೊದಲೇ, "ಮಾಫ್ ಮಾಡ್ರಿ, ವಯಸ್ಸಾದ ಜೀವ, ಹೇಳಿದ್ರ ಕೇಳಂಗಿಲ್ಲ," ಎಂದೆ.

ಅವರು ಕೈ ಅಡ್ಡ ಆಡಿಸಿದರು. "ಹಂಗಲ್ಲರಿ. ನನ್ನ ತಮ್ಮಗ ದವಾಖಾನಿಗಿ ಒಯ್ದು ಮೂರು ದಿನ ಆತ್ರಿ. ನಮ್ಮ ಮನಿಯಾಗ ಯಾರಿಗೂ ಊಟ ಸೇರವಲ್ದು. ಅವ್ವಾರು ಹಾಡೋ ಹೊತ್ತಿಗೆ ಅಷ್ಟ ಮನಸ್ಸಿಗೆ ಒಂಚೂರು ಹಗುರ ಅನಸ್ತದ. ಇವತ್ತ ಫ್ಯಾನಿನ ಸಪ್ಪಳದಾಗ ಸರಿ ಕೇಳ್ಲಿಲ್ಲ. ನಾಳಿ ಒಂಚೂರು ಈ ಕಡಿ ಬಾಜೂಕ್ಕ ನಿಂತು ಹಾಡ್ಲಿಕ್ಕಿ ಹೇಳ್ತೀರೇನ್ರಿ?"

ಒಳಗಿನಿಂದ ಅವ್ವ, "ತಮ್ಮನ ಹೆಸರೇನ್ರಿ? ಪ್ರಾರ್ಥನಿಯಾಗ ಹೇಳ್ತೀನಿ," ಎಂದು ಕೂಗಿದಳು. ಅವರು ಹೆಸರು ಹೇಳಿ, ಎರಡೂ ಕೈ ಜೋಡಿಸಿ ಹೋದರು. ಮರುದಿನದಿಂದ ಅವ್ವ ಗ್ಯಾಲರಿಯ ಎಡತುದಿಗೆ, ಅವರ ಕಿಟಕಿಯ ಹತ್ತಿರಕ್ಕೆ ಹೋಗಿ ನಿಲ್ಲತೊಡಗಿದಳು.

ಮಳೆಗಾಲ ಶುರುವಾದಮೇಲೆ ಒಂದು ಸಂಜೆ ಆರು ಗಂಟೆಗೆ ಫೋನು ಬರಲಿಲ್ಲ. ಏಳಕ್ಕೆ ಬಂತು. ಹೆಂಡತಿ ಮಲಗಿದ್ದಳು, ತಲೆದಿಂಬಿನ ಬಿಳುಪು ಕಾಣುತ್ತಿತ್ತು. "ನಂಗೂ ಬಂದದರಿ," ಎಂದಳು. ನಕ್ಕಳು ಕೂಡ. "ಹೆದರಬ್ಯಾಡ್ರಿ. ನಮ್ಮ ಮಂದೀನ ನೋಡ್ಕೋಳ್ಲಾಕತ್ತಾರ." ಎರಡು ದಿನ ಹೀಗೆ ಮಾತಾಡಿದಳು. ಮೂರನೆಯ ದಿನ ಮಾತು ತುಂಡುತುಂಡಾಯಿತು. ನಾಲ್ಕನೆಯ ದಿನ ಅವಳ ಗೆಳತಿ ಫೋನು ಮಾಡಿ, ಆಕ್ಸಿಜನ್ ಹಚ್ಚಿದ್ದೇವೆ, ಮಾತಾಡಿಸಬೇಡಿ, ನಾನೇ ತಿಳಿಸುತ್ತಿರುತ್ತೇನೆ ಎಂದಳು.

ಆ ಸಂಜೆ ಅವ್ವ ಎಂದಿನಂತೆ ಪ್ರಾರ್ಥನೆಗೆ ಕೂತು ಮೊದಲು ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ, ಹೇಳತೊಡಗಿದಳು. ಅನ್ನಕ್ಕಾಗಿ ಸ್ತೋತ್ರ, ನೆರಳಿಗಾಗಿ ಸ್ತೋತ್ರ, ಈ ದಿನಕ್ಕಾಗಿ ಸ್ತೋತ್ರ. ನನಗೆ ತಡೆಯಲಾಗಲಿಲ್ಲ.

"ಯಾತಕ್ಕ ಸ್ತೋತ್ರ?" ಎಂದು ಚೀರಿದೆ. "ಆಕಿ ಅಲ್ಲಿ ಉಸಿರಿಗಿ ಒದ್ದಾಡ್ಲಾಕತ್ತಾಳ, ನೀ ಇಲ್ಲಿ ಈ ದಿನಕ್ಕ ಸ್ತೋತ್ರ ಅಂತಿ! ಎಂಥ ದಿನ ಇದು?"

ಮಗಳು ಗೋಡೆಗೆ ಅಂಟಿ ನಿಂತಳು. ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. ಸಿಟ್ಟಾಗಲಿಲ್ಲ. ಮಗಳನ್ನು ಕರೆದು ತೊಡೆಯ ಮೇಲೆ ಕೂಡಿಸಿಕೊಂಡು ನನಗೆ ಹೇಳಿದಳು: "ನಿಮ್ಮಪ್ಪಗ ಬೀದರ ದವಾಖಾನಿಯಾಗ ಇಟ್ಟಾಗ ನಾ ಹೊರಗ ಬೇವಿನ ಗಿಡದ ಕೆಳಗ ಕುಂತಿದ್ದೆ. ನೀ ಆಗ ಇಟೀಟು ಕೂಸಿದ್ದಿ. ಪ್ರಾರ್ಥನಿ ಮಾಡ್ಬೇಕಂದ್ರ ಒಂದು ಮಾತೂ ಬರವಲ್ದು. ಎಷ್ಟೊತ್ತೋ ಕುಂತೆ. ಆಮ್ಯಾಲ, ಸ್ವಾಮೀ, ನೀ ನನ್ನ ಕೂಡ ಇರು ಅಂದೆ. ಅಷ್ಟ. ನಿಮ್ಮಪ್ಪ ಉಳೀಲಿಲ್ಲ. ಖರೇ ಹೇಳ್ತೀನಿ, ನಾ ಕೇಳಿದ್ದು ಸಿಗಲಿಲ್ಲ. ಆದ್ರ ಆವತ್ತಿನಿಂದ ಇವತ್ತಿನ ತನಕ ಆ ಸ್ವಾಮಿ ನನ್ನ ಬಿಟ್ಟು ಹೋಗಿಲ್ಲ. ಅದಕ್ಕ ಸ್ತೋತ್ರ ಹೇಳ್ತೀನಪ್ಪಾ. ಸೊಸಿ ಸಲುವಾಗಿ ಅಳೋದು ಬ್ಯಾರೆ. ಅದೂ ಅಳ್ತೀನಿ, ನಿಮಗ ಕಾಣಂಗ ಅಳಂಗಿಲ್ಲ."

ಅವ್ವ ಅಪ್ಪನ ಸಾವಿನ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ನನಗೆ ತಲೆ ಎತ್ತಲಾಗಲಿಲ್ಲ. ಆದರೆ ಸಮಾಧಾನವೂ ಆಗಲಿಲ್ಲ, ಸುಳ್ಳು ಹೇಳಬಾರದು. ಅವಳ ಸಮಾಧಾನ ಅವಳದು, ಅದನ್ನು ನನಗೆ ಎತ್ತಿಕೊಡಲು ಬರುವುದಿಲ್ಲ ಎಂದುಕೊಂಡು ಮಲಗಿದೆ.

ಕಾರ್ಖಾನೆ ಆಗಷ್ಟೇ ಅರ್ಧ ಮಂದಿಯೊಂದಿಗೆ ಶುರುವಾಗಿತ್ತು. ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೆಂಡತಿಯ ಗೆಳತಿಯ ಫೋನು ಬಂತು. "ಆಕ್ಸಿಜನ್ ಇನ್ನೂ ಏರಿಸಿದ್ದೇವೆ ಅಣ್ಣಾ. ಡಾಕ್ಟರ್ ಇಲ್ಲೇ ಇದ್ದಾರೆ," ಎಂದು ಮರಾಠಿಯಲ್ಲಿ ಹೇಳಿ ಅವಸರದಲ್ಲಿ ಇಟ್ಟಳು. ನಾನು ಡಬ್ಬಿ ಹಿಡಿದುಕೊಂಡು ಶೆಡ್ಡಿನ ಹಿಂದಕ್ಕೆ, ಗುಜರಿ ಕಬ್ಬಿಣ ಒಟ್ಟಿದ್ದ ಕಡೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಮಳೆ ಹನಿಯತೊಡಗಿತ್ತು. ಪ್ರಾರ್ಥನೆ ಮಾಡೋಣವೆಂದರೆ ಚರ್ಚಿನಲ್ಲಿ ಬಾಯಿಪಾಠ ಮಾಡಿದ್ದ ಮರಾಠಿ ಸಾಲುಗಳು ಬಂದವು. ಒಂದನ್ನು ಹೇಳಿದೆ, ಅರ್ಧಕ್ಕೆ ನಿಂತಿತು. ಇನ್ನೊಂದನ್ನು ಹೇಳಿದೆ, ಅದೂ ನಿಂತಿತು. ಯಾವುದೂ ನನ್ನದಲ್ಲ ಎನಿಸಿತು.

"ಇರಪ್ಪಾ ನನ್ನ ಕೂಡ," ಎಂದೆ. ಕನ್ನಡದಲ್ಲಿ, ಅವ್ವನ ಕನ್ನಡದಲ್ಲಿ. "ಆಕಿ ಕೂಡನೂ ಇರು."

ಏನೂ ಕಾಣಲಿಲ್ಲ, ಯಾವ ದನಿಯೂ ಕೇಳಲಿಲ್ಲ. ಎದೆಯ ಮೇಲೆ ಕೂತಿದ್ದ ಭಾರ ಎದ್ದುಹೋಗಲಿಲ್ಲ, ಆದರೆ ಅದರ ಇನ್ನೊಂದು ತುದಿಯನ್ನು ಯಾರೋ ಹಿಡಿದುಕೊಂಡ ಹಾಗಾಯಿತು. ನಾನು ಒಬ್ಬನೇ ಇಲ್ಲ ಎಂದು ಗೊತ್ತಾಯಿತು, ಪಕ್ಕದಲ್ಲಿ ಕೂತವರನ್ನು ನೋಡದೆಯೂ ಗೊತ್ತಾಗುವಂತೆ. ಅಲ್ಲೇ ಒಂದು ಕಬ್ಬಿಣದ ತುಂಡಿನ ಮೇಲೆ ಕೂತು ಡಬ್ಬಿ ತೆರೆದೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಎಷ್ಟೋ ದಿನಗಳಿಂದ ಮಣ್ಣಿನ ಹಾಗೆ ನುಂಗುತ್ತಿದ್ದ ಊಟಕ್ಕೆ ಅಂದು ಉಪ್ಪು, ಖಾರ, ಎಣ್ಣೆ ಎಲ್ಲವೂ ಇತ್ತು. ತಿನ್ನುತ್ತ ಕಣ್ಣಲ್ಲಿ ನೀರು ಬಂತು. ಹೆಂಡತಿ ಸಾಯಬಹುದು ಎಂಬುದು ಆ ಹೊತ್ತಿಗೂ ನಿಜವೇ ಆಗಿತ್ತು. ಆದರೂ ಒಳಗೆಲ್ಲೋ ಸಂತೋಷದಂಥದ್ದು ಇತ್ತು. ಇದನ್ನು ಇವತ್ತಿಗೂ ಯಾರಿಗೂ ಸರಿಯಾಗಿ ವಿವರಿಸಿ ಹೇಳಲು ನನಗಾಗಿಲ್ಲ.

ಅವಳು ಸಾಯಲಿಲ್ಲ. ಒಂದು ವಾರ ಏರಿಳಿತವಾಗಿ, ಆಮೇಲೆ ನಿಧಾನಕ್ಕೆ ಆಕ್ಸಿಜನ್ ಇಳಿಸಿದರು. ನಾನು ಜಿಲ್ಲೆ ದಾಟುವ ಪಾಸಿಗೆ ಅರ್ಜಿ ಹಾಕಿದ್ದೆ, ಅದು ಆಗ ಸಿಕ್ಕಿತು. ಬೆಳಿಗ್ಗೆ ಮೋಟಾರ್ ಸೈಕಲ್ಲು ತೆಗೆಯುವಾಗ ಎದುರು ಮನೆಯವರು ಮೆಟ್ಟಿಲಿಳಿದು ಬಂದು ಒಂದು ಗಂಟು ಕೊಟ್ಟರು. "ಖಡಕ್ ರೊಟ್ಟಿ, ಶೇಂಗಾ ಚಟ್ನಿ. ತಂಗಿಗಿ ಒಳಗ ಕಳಿಸ್ಲಿಕ್ಕಿ ಬಂದ್ರ ಕಳಸ್ರಿ. ಇಲ್ಲಂದ್ರ ಹಾದ್ಯಾಗ ನೀವೇ ತಿನ್ರಿ." ಅವರ ತಮ್ಮ ಆಗಿನ್ನೂ ಆಸ್ಪತ್ರೆಯಲ್ಲೇ ಇದ್ದ.

ವೈಜಾಪುರ, ಯೇವಲಾ ದಾಟುವಷ್ಟರಲ್ಲಿ ಮೂರು ಕಡೆ ಪೊಲೀಸರು ಪಾಸು ನೋಡಿದರು. ನಿಫಾಡದ ಹತ್ತಿರ ಮಳೆ ಹಿಡಿಯಿತು. ದ್ರಾಕ್ಷಿ ತೋಟಗಳ ನಡುವಿನ ರಸ್ತೆಯಲ್ಲಿ ನನ್ನದೊಂದೇ ಗಾಡಿ. ಒದ್ದೆಯಾಗಿ ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಒಳಗೆ ಬಿಡಲಿಲ್ಲ, ಬಿಡುವುದಿಲ್ಲ ಎಂದು ಗೊತ್ತೇ ಇತ್ತು. ಗಂಟನ್ನು ಗೇಟಿನ ವಾಚ್‌ಮನ್ ತೆಗೆದುಕೊಂಡು ಒಳಗೆ ಕಳಿಸಿದ. ನಾನು ಪಕ್ಕದ ಓಣಿಗೆ ಹೋಗಿ, ಕಾಂಪೌಂಡಿನ ಆಚೆ ನಿಂತು, ಫೋನು ಮಾಡಿ, "ಕಿಟಕಿಗಿ ಬರ್ಲಿಕ್ಕಿ ಆಗ್ತದೇನು?" ಎಂದೆ.

ಎರಡನೆಯ ಮಹಡಿಯ ಕಿಟಕಿಯಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಾನು ಗುರುತಿಸಲಿಲ್ಲ. ಅಷ್ಟು ಇಳಿದುಹೋಗಿದ್ದಳು, ಕೂದಲು ಕತ್ತರಿಸಿದ್ದರು. ಅವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳ ಹಾಗೆ ಆಸ್ಪತ್ರೆಯ ಅಂಗಿಯನ್ನು ಕೆಳಗೆ ಜಗ್ಗಿಕೊಂಡಾಗ ಇವಳೇ ಎಂದು ತಿಳಿಯಿತು.

"ಪೂರಾ ತೊಯ್ದೀರಲ್ಲರಿ," ಎಂದಳು ಫೋನಿನಲ್ಲಿ. ದನಿ ಹತ್ತಿಯ ಹಾಗಿತ್ತು.

"ನೀ ಸುಮ್ಮ ನಿಲ್ಲು. ಮಾತಾಡಬ್ಯಾಡ. ನಾ ನೋಡ್ತೀನಿ ಅಷ್ಟ."

ಅವಳು ಕಿಟಕಿಯ ಸರಳಿಗೆ ಹಣೆ ಆನಿಸಿ ನಿಂತಳು. ಆಮೇಲೆ, "ಅತ್ತಿ ಹಾಡೋ ಹಾಡು ಹೇಳ್ರಿ," ಎಂದಳು.

"ನಂಗ ಬರಂಗಿಲ್ಲ."

"ಬರ್ತದ. ದಿನಾ ಒಳಗ ಕುಂತು ಕೇಳ್ತೀರಂತ, ಅತ್ತಿ ಹೇಳ್ಯಾರ."

ನಾನು ಹುಟ್ಟಿದಮೇಲೆ ನಾಲ್ಕು ಮಂದಿಯ ಎದುರು ಹಾಡಿದವನಲ್ಲ. ಫೋನಿಗೇ ಮೆಲ್ಲಗೆ ಹೇಳೋಣವೆಂದು ಶುರುಮಾಡಿದೆ. ಅವಳು ಕೈಸನ್ನೆ ಮಾಡಿದಳು: ಫೋನು ಇಳಿಸಿ, ಜೋರಾಗಿ. ಇಳಿಸಿದೆ. ನಾಶಿಕದ ನಡುಮಧ್ಯಾಹ್ನ, ಓಣಿಯಲ್ಲಿ ನಿಂತು, ಕತ್ತು ಮೇಲೆತ್ತಿ, ತಾಳವಿಲ್ಲದೆ, ಶ್ರುತಿಯಿಲ್ಲದೆ ಕನ್ನಡದ ಕೀರ್ತನೆ ಹಾಡಿದೆ. ಎರಡನೆಯ ಚರಣ ಮರೆತುಹೋಯಿತು, ಮೊದಲನೆಯದನ್ನೇ ಮತ್ತೆ ಹಾಡಿದೆ. ಪಕ್ಕದ ಕಿಟಕಿಗಳಿಗೂ ರೋಗಿಗಳು ಬಂದು ನಿಂತರು. ವಾಚ್‌ಮನ್ ಓಣಿಯ ತುದಿಗೆ ಬಂದ. ಬಯ್ಯುತ್ತಾನೆ ಎಂದುಕೊಂಡೆ. ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ. ಮುಗಿದಮೇಲೆ "ಕುಠ್ಲೀ ಭಾಷಾ, ದಾದಾ?" ಎಂದು ಕೇಳಿದ, ಇದು ಯಾವ ಭಾಷೆ ಅಣ್ಣಾ ಎಂದು. ಕನ್ನಡ ಎಂದೆ. "ಛಾನ್ ಆಹೇ," ಚೆನ್ನಾಗಿದೆ ಎಂದು ತಲೆಯಾಡಿಸಿದ. ಮೇಲೆ ನೋಡಿದರೆ ಹೆಂಡತಿ ನಗುತ್ತಿದ್ದಳು, ನನ್ನ ಹಾಡಿಗೇ ನಗುತ್ತಿದ್ದಳು. ಕಿಟಕಿಯ ಸರಳು ಹಿಡಿದುಕೊಂಡು, ಕೆಮ್ಮುತ್ತ, ನಗುತ್ತ.

ಮೂರು ವಾರಗಳ ಮೇಲೆ ಅವಳು ಮನೆಗೆ ಬಂದಳು. ಮಗಳು ಎರಡು ಜಡೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಎದುರು ಮನೆಯವರ ತಮ್ಮ ಬರಲಿಲ್ಲ. ಅವನ ಸುದ್ದಿ ಬಂದ ದಿನ ಅವ್ವ ಅವರ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತಳು. ಹಾಡಲಿಲ್ಲ, ಪ್ರಾರ್ಥನೆ ಮಾಡುತ್ತೇನೆ ಎಂದೂ ಹೇಳಲಿಲ್ಲ. ಸಂಜೆಯವರೆಗೆ ಸುಮ್ಮನೆ ಕೂತಿದ್ದಳು. ಒಳಗಿನಿಂದ ಅವರ ಹೆಂಡತಿ ಬಂದು ಬಾಗಿಲ ಈಚೆ ಕೂತರು. ನಡುವೆ ಎರಡು ಮೊಳ ಅಂತರ. ನಮ್ಮವಳು ಉಳಿದಳು, ಅವರವನು ಹೋದ. ಇಬ್ಬರ ಸಲುವಾಗಿಯೂ ಅವ್ವ ಒಂದೇ ಸಮನೆ ಪ್ರಾರ್ಥಿಸಿದ್ದಳು. ಯಾಕೆ ಹೀಗೆ ಎಂದು ನಾನು ಕೇಳಿದಾಗ, "ನಂಗೇನ್ ಗೊತ್ತೋ?" ಎಂದಳು. "ಗೊತ್ತಿದ್ದದ್ದು ಇಷ್ಟ. ಅವರ ಮನಿಯಾಗ ಇವತ್ತ ಒಲಿ ಹಚ್ಚಿಲ್ಲ. ಅನ್ನ ಮಾಡಿ ಕೊಟ್ಟು ಬಾ."

ಅವ್ವ ಹೋಗಿ ಈಗ ಮೂರು ವರ್ಷ. ಆ ರೋಗದಿಂದಲ್ಲ, ವಯಸ್ಸಿನಿಂದ, ಒಂದು ವಾರ ಮಲಗಿ ಹೋದಳು. ಹಳ್ಳಿಗೆ ಒಯ್ಯಬೇಡ, ನೀವಿರುವಲ್ಲೇ ಮಣ್ಣು ಮಾಡು ಎಂದಿದ್ದಳು. ಸಂಭಾಜಿನಗರದ ಸ್ಮಶಾನದಲ್ಲಿ ಮರಾಠಿ ಹೆಸರುಗಳ ಶಿಲುಬೆಗಳ ನಡುವೆ ಅವಳದೊಂದು ಕನ್ನಡ ಅಕ್ಷರದ ಶಿಲುಬೆ ಇದೆ. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಎದುರು ಮನೆಯವರೂ ಇದ್ದರು, ವಿಭೂತಿ ಹಚ್ಚಿಕೊಂಡೇ.

ಹೆಂಡತಿಗೆ ಸಂಭಾಜಿನಗರದಲ್ಲಿ ಕೆಲಸ ಸಿಗಲೇ ಇಲ್ಲ; ಅವ್ವ ಹೋದಮೇಲೆ ನನಗೇ ನಾಶಿಕದ ಸಾತಪುರದಲ್ಲಿ ಕೆಲಸ ಸಿಕ್ಕಿತು. ಈಗ ಮೂವರೂ ಒಂದೇ ಮನೆಯಲ್ಲಿದ್ದೇವೆ. ಯಾರೂ ಯಾರನ್ನೂ ರೈಲಿಗೆ ಕಾಯಬೇಕಿಲ್ಲ. ಬೇಡಿಕೊಂಡಿದ್ದೆಲ್ಲ ಇದೇ. ಆದರೆ ಒಂದು ಮಾತು ಯಾರ ಮುಂದೆಯೂ ಹೇಳಲಾರದೆ ಬಹಳ ದಿನ ಇಟ್ಟುಕೊಂಡಿದ್ದೆ. ನನಗೆ ಆ ದಿನಗಳ ಹಂಬಲ. ರೋಗದ ಹಂಬಲವಲ್ಲ, ಸಾವಿನ ಹಂಬಲವಲ್ಲ. ಶೆಡ್ಡಿನ ಹಿಂದೆ ನನ್ನ ಪಕ್ಕದಲ್ಲಿ ಕೂತವನ ಹಂಬಲ. ಅಷ್ಟು ಹತ್ತಿರ ಅವನು ಆಮೇಲೆ ಬಂದದ್ದು ಅಪರೂಪ. ರವಿವಾರ ಚರ್ಚಿನಲ್ಲಿ ಕಣ್ಣು ಮುಚ್ಚಿ ಕಾಯುತ್ತೇನೆ. ಕೆಲವೊಮ್ಮೆ ಏನೋ ಬೆಚ್ಚಗಾಗುತ್ತದೆ. ಹೆಚ್ಚಿನ ಸಲ ಇಲ್ಲ. ಜಗತ್ತೇ ಹೆದರಿ ನಡುಗಿದ ಕಾಲದಲ್ಲಿ ನನಗೆ ಸಿಕ್ಕ ಸಮಾಧಾನ, ಎಲ್ಲ ಸುರಳೀತ ಇರುವಾಗ ಯಾಕೆ ದೂರ ಸರಿದು ನಿಂತಿದೆ?

ಕಳೆದ ತಿಂಗಳು ಒಂದು ರವಿವಾರ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಹೆಂಡತಿಯ ಮುಂದೆ ಇದನ್ನು ಹೇಳಿಬಿಟ್ಟೆ. ತಪ್ಪು ತಿಳಿದುಕೊಳ್ಳುತ್ತಾಳೆ ಎಂದು ಹೆದರಿದ್ದೆ. ಅವಳು ಸಾಯುವ ಹಾಗೆ ಇದ್ದ ದಿನಗಳಲ್ಲವೇ ಅವು!

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ನಂಗೂ ಹಂಗ ಅನಸ್ತದರಿ," ಎಂದಳು. "ಆ ಬೆಡ್ಡಿನ ಮ್ಯಾಲ ನಂಗ ಒಂದು ದಿನಾನೂ ಒಬ್ಬಾಕಿ ಅನಸಿಲ್ಲ. ಈಗ ಮನಿಯಾಗ ನೀವಿಬ್ಬರೂ ಇದ್ದಾಗನೂ ಒಮ್ಮೊಮ್ಮೆ ಅನಸ್ತದ."

"ಮತ್ತ ಅವ ಎಲ್ಲಿ ಹೋದ?"

"ಅವ ಎಲ್ಲಿಗೂ ಹೋಗಿರಂಗಿಲ್ಲ ಬಿಡ್ರಿ. ಆವಾಗ ದಿನಕ್ಕ ಐವತ್ತು ಸಲ ಕರೀತಿದ್ದೆವು. ಈಗ ಊಟದ ಮುಂದ ಒಂದು ಸಲ, ಅದೂ ಅವಸರದಾಗ." ಕೈಯಲ್ಲಿದ್ದ ಕಟ್ಟನ್ನು ಬದಿಗಿಟ್ಟು, "ಕರ್ಯೋಣೇನು? ಈಗ?" ಎಂದಳು.

"ಈಗ? ಕೈ ಎಲ್ಲ ಮಣ್ಣು."

"ಇರ್ಲಿ."

ಮಣ್ಣುಗೈಯಲ್ಲೇ ಅವಳ ಕೈ ಹಿಡಿದು ಕಣ್ಣು ಮುಚ್ಚಿದೆ. ಇಬ್ಬರಿಗೂ ಹೆಚ್ಚು ಮಾತು ಬರಲಿಲ್ಲ. ಕುಕ್ಕರು ಎರಡು ಸಲ ಕೂಗಿತು. ಮೂರನೆಯ ಸಲಕ್ಕೆ ಒಳಕೋಣೆಯಿಂದ ಮಗಳು, ಗ್ಯಾಸ್ ಬಂದ್ ಮಾಡುವವರು ಯಾರಾದರೂ ಇದ್ದೀರೋ ಇಲ್ಲವೋ ಎಂದು ಮರಾಠಿಯಲ್ಲಿ ಚೀರಿದಳು. ಕಣ್ಣು ತೆರೆದಾಗ ಹೆಂಡತಿ ಆಗಲೇ ನನ್ನನ್ನು ನೋಡುತ್ತಿದ್ದಳು. ನಮಗಿಬ್ಬರಿಗೂ ನಗು ಬಂತು. "ಆಮೆನ್" ಎಂದು ಅವಳು ಎದ್ದು ಒಲೆಯ ಕಡೆಗೆ ಹೋದಳು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತೆ.